ಹಡಗು ತಪ್ಪಿಸಿದ ಅಕ್ಕ

ನ್ಯೂಯಾರ್ಕಿನ ಹೊರವಲಯದ ಹಿಕ್ಸ್‌ವಿಲ್‌ನಿಂದ ಬೆಳಿಗ್ಗೆ ಆರು ಹದಿನಾಲ್ಕಕ್ಕೆ ಹೊರಡುವ ರೈಲಿನಲ್ಲಿ, ಮೂರನೆಯ ಬೋಗಿಯ ಎಡಗಡೆಯ ಮೊದಲ ಕಿಟಕಿ ಸೀಟು ಹನ್ನೊಂದು ವರ್ಷ ನನ್ನದಾಗಿತ್ತು. ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ. ಆದರೆ ದಿನವೂ ಒಂದೇ ರೈಲು ಹಿಡಿಯುವವರಿಗೆ ಯಾರ ಜಾಗ ಯಾವುದೆಂದು ಗೊತ್ತಿರುತ್ತದೆ. ಒಂದು ಸೋಮವಾರ ಹತ್ತಿದಾಗ ಆ ಸೀಟಿನಲ್ಲಿ ಒಬ್ಬ ಹೆಂಗಸು ಕುಳಿತಿದ್ದರು. ಕೆಸರು ಮೆತ್ತಿದ ಬೂಟು, ತೊಡೆಯ ಮೇಲೆ ಹಳದಿ ಹೆಲ್ಮೆಟ್ಟು, ಹೆಲ್ಮೆಟ್ಟಿನೊಳಗೆ ಒಂದು ಸುತ್ತಿಗೆ ಮತ್ತು ಒಂದು ಕಿತ್ತಳೆ ಹಣ್ಣು. ನಾನು ಪಕ್ಕದಲ್ಲಿ ಕುಳಿತು, ಕನ್ನಡ ಯಾರಿಗೂ ತಿಳಿಯದೆಂಬ ಧೈರ್ಯದಿಂದ "ಏನು ಜನವೋ" ಎಂದು ಗೊಣಗಿದೆ.

"ಧಾರವಾಡದ ಜನ್ರೀ," ಎಂದರು ಅವರು, ಕಿಟಕಿಯಿಂದ ಮುಖ ತಿರುಗಿಸದೆ. "ನಿಮ್ಮದು ಯಾವೂರು?"

ಸೀಟು ಬಿಟ್ಟುಕೊಡಲಿಲ್ಲ. ಕಿತ್ತಳೆಯಲ್ಲಿ ಅರ್ಧ ಕೊಟ್ಟರು. ಅಂದಿನಿಂದ ನಾವಿಬ್ಬರೂ ನಿವೃತ್ತರಾಗುವವರೆಗೆ ಅವರು ಕಿಟಕಿಗೆ, ನಾನು ಪಕ್ಕಕ್ಕೆ. ನನಗಿಂತ ಎರಡು ವರ್ಷಕ್ಕೆ ಹಿರಿಯರಾದ್ದರಿಂದ ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನಾನು ನರ್ಸ್ ಎಂದು ತಿಳಿದ ದಿನದಿಂದ ಅವರು ನನ್ನನ್ನು ಸಿಸ್ಟರ್ ಎನ್ನುತ್ತಿದ್ದರು. ಈ ಜನವರಿಯಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕುಳಿತಿದ್ದೇನೆ. ಅದರಲ್ಲಿ ಒಂದು, ಮೂರು ವರ್ಷದ ಹಿಂದೆಯೇ ನಾನು ಹೇಳಬೇಕಾಗಿದ್ದ ಮಾತು.

ಅಕ್ಕನ ಕೆಲಸ ನಗರದ ಸೇತುವೆಗಳನ್ನು ಪರೀಕ್ಷಿಸುವುದು. ಲಾರಿಯಿಂದ ಚಾಚಿದ ಬುಟ್ಟಿಯಲ್ಲಿ ನಿಂತು, ಸೇತುವೆಯ ಕೆಳಮೈಯನ್ನು ಸುತ್ತಿಗೆಯಿಂದ ಅಡಿ ಅಡಿಗೆ ತಟ್ಟುತ್ತಾ ಹೋಗಬೇಕು. ಕಾಂಕ್ರೀಟು ಗಟ್ಟಿಯಿದ್ದರೆ ಒಂದು ಸದ್ದು, ಒಳಗೆ ಪದರ ಬಿಟ್ಟಿದ್ದರೆ ಇನ್ನೊಂದು ಸದ್ದು. ಮೂವತ್ತು ವರ್ಷ ಹೀಗೆ ತಟ್ಟಿ ತಟ್ಟಿ, ಯಾವುದನ್ನು ಕಂಡರೂ ಬೆರಳ ಗೆಣ್ಣಿನಿಂದ ತಟ್ಟಿ ತಲೆ ಓರೆ ಮಾಡಿ ಕೇಳುವ ಅಭ್ಯಾಸ ಅವರಿಗೆ ಅಂಟಿಕೊಂಡಿತ್ತು. ಕಲ್ಲಂಗಡಿ ಹಣ್ಣು, ನೆಂಟರ ಮನೆಯ ಗೋಡೆ, ಅಂಗಡಿಯಲ್ಲಿ ಇನ್ನೂ ಕೊಳ್ಳದ ಕುಕ್ಕರು. ಒಮ್ಮೆ, ಆಪರೇಷನ್ ಆಗಿ ಮೂರು ವಾರವಾಗಿದ್ದ ನನ್ನ ಮಂಡಿ.

ಅವರ ಕೆಲಸದ ಫಾರಂನಲ್ಲಿ ಸೇತುವೆಯ ಒಂದೊಂದು ಭಾಗಕ್ಕೂ ಸೊನ್ನೆಯಿಂದ ಒಂಬತ್ತರವರೆಗೆ ಅಂಕ ಕೊಡಬೇಕು. ಅಕ್ಕ ಲೋಕಕ್ಕೆಲ್ಲ ಅದೇ ಫಾರಂ ಹಿಡಿದಿದ್ದರು. ನನ್ನ ಚಿತ್ರಾನ್ನಕ್ಕೆ ಆರು. ಕನ್ನಡ ಕೂಟದ ನಾಟಕಕ್ಕೆ ನಾಲ್ಕು, "ಪರದೆಗೆ ಬ್ಯಾರೆ ಏಳು". ಅವರ ಪತಿ ತೀರಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು. ಅವರಿಗೆಷ್ಟು ಎಂದು ಒಮ್ಮೆ ತಮಾಷೆಗೆ ಕೇಳಿದೆ.

"ಎಂಟು ಇತ್ರಿ. ಗೊರಕಿಗೆ ಒಂದು ಕಳದೀನಿ."

"ಒಂಬತ್ತು ಯಾರಿಗೂ ಇಲ್ವಾ ಅಕ್ಕ?"

"ಒಂಬತ್ತು ಅಂದ್ರ ನಿನ್ನೆ ಕಟ್ಟಿದ್ದು. ಒಂದು ಲಾರಿ ಹಾದು ಹೋತಂದ್ರ ಎಂಟು. ನೀವು ನಾವು ಯಾವ ಲೆಕ್ಕ?"

ಆ ಫಾರಂನ ಕೊನೆಯಲ್ಲಿ ಒಂದು ಪ್ರಶ್ನೆ ಇರುತ್ತಿತ್ತಂತೆ: ಸೇತುವೆಯನ್ನು ಸಂಚಾರಕ್ಕೆ ಮುಚ್ಚಬೇಕೆ? ಮೂವತ್ತು ವರ್ಷದಲ್ಲಿ ಅವರು ಎರಡೇ ಸಲ ಹೌದು ಎಂದು ಬರೆದಿದ್ದರು. "ಮುಚ್ಚೂದು ಸರಳ ಐತ್ರಿ ಸಿಸ್ಟರ್. ಅಡ್ಡ ಒಂದು ಹಗ್ಗ ಕಟ್ಟಿದ್ರ ಮುಗೀತು. ಮುಚ್ಚದಂಗ ನೋಡ್ಕೊಳ್ಳೂದು ಕೆಲಸ," ಎನ್ನುತ್ತಿದ್ದರು.

ನನ್ನ ವಿಷಯ ಸ್ವಲ್ಪ ಹೇಳದೆ ಮುಂದಿನದು ತಿಳಿಯದು. ನಾನು ಕಲಿತದ್ದು ಮೈಸೂರಿನ ಕಡೆಯ ಒಂದು ಮಿಷನ್ ನರ್ಸಿಂಗ್ ಶಾಲೆಯಲ್ಲಿ. ಐದಕ್ಕೆ ಎಬ್ಬಿಸುವ ಗಂಟೆ, ಐದೂಕಾಲಿಗೆ ಪ್ರಾರ್ಥನೆ, ಐದೂವರೆಗೆ ಹಾಸಿಗೆಯ ನಾಲ್ಕೂ ಮೂಲೆಗಳ ತಪಾಸಣೆ. ಆಮೇಲೆ ಮ್ಯಾನ್‌ಹ್ಯಾಟನ್ನಿನ ಆಪರೇಷನ್ ಥಿಯೇಟರಿನಲ್ಲಿ ಮೂವತ್ತೆರಡು ವರ್ಷ, ಒಂದು ದಿನವೂ ತಡವಾಗಿ ಹೋದವಳಲ್ಲ. ನನ್ನ ಯಜಮಾನರು ತೀರಿಕೊಂಡ ಮರುದಿನವೂ ಐದಕ್ಕೆ ಎದ್ದು ಹಾಸಿಗೆಯ ನಾಲ್ಕೂ ಮೂಲೆ ಮಡಿಸಿದೆ. ಬಂದವರೆಲ್ಲ "ಎಷ್ಟು ಧೈರ್ಯವಾಗಿದ್ದೀರಿ" ಎಂದರು. ಅಕ್ಕ ಹಾಸಿಗೆಯನ್ನು ನೋಡಿದರು, ನನ್ನನ್ನು ನೋಡಿದರು, ಅಡುಗೆಮನೆಗೆ ಹೋಗಿ ಚಹಾಕ್ಕಿಟ್ಟರು.

ಯಜಮಾನರು ಹೋಗುವ ಮೊದಲೇ ನಮ್ಮಿಬ್ಬರ ಹೆಸರಿನಲ್ಲಿ ಮೆಡಿಟರೇನಿಯನ್ ಕ್ರೂಸ್ ಬುಕ್ ಮಾಡಿಟ್ಟಿದ್ದರು. ಮಾರ್ಚ್ ಕೊನೆಯಲ್ಲಿ ಹತ್ತು ದಿನ. ಕ್ಯಾನ್ಸಲ್ ಮಾಡಬೇಡ, ಯಾರನ್ನಾದರೂ ಕರೆದುಕೊಂಡು ಹೋಗು ಎಂದು ಮಕ್ಕಳು ಹಟ ಹಿಡಿದರು. ಅಕ್ಕನನ್ನು ಕೇಳಿದೆ. "ಅಲ್ಲಿ ಹಳೇ ಕಟ್ಟಡ ಬಾಳ ಅದಾವ್ರಿ, ಬರ್ತೀನಿ," ಎಂದರು.

ಹೊರಡುವ ದಿನ ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ನಾನು ಅವರಿಗೊಂದು ಪಾಠ ಮಾಡಿದೆ. ಅಮೆರಿಕದಲ್ಲಿ ಮಾರ್ಚ್ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಯುರೋಪಿನವರು ತಡವಾಗಿ ಇಡುತ್ತಾರೆ. ಆದ್ದರಿಂದ ಈ ದಿನಗಳಲ್ಲಿ ನ್ಯೂಯಾರ್ಕಿಗೂ ಇಟಲಿಗೂ ಇರುವುದು ಆರು ಗಂಟೆಯ ವ್ಯತ್ಯಾಸವಲ್ಲ, ಐದೇ ಗಂಟೆ. ನನ್ನ ಮಾತ್ರೆಗಳೆಲ್ಲ ನ್ಯೂಯಾರ್ಕ್ ವೇಳೆಗೆ ಹೊಂದಿಸಿದವು. ಆದ್ದರಿಂದ ಕೈಗಡಿಯಾರ ಬದಲಾಯಿಸುವುದಿಲ್ಲ, ಮನಸ್ಸಿನಲ್ಲೇ ಐದು ಕೂಡಿಸಿಕೊಳ್ಳುತ್ತೇನೆ ಎಂದೆ. "ಎಲ್ಲರೂ ಆರು ಕೂಡಿಸಿ ಎಡವಟ್ಟು ಮಾಡ್ಕೋತಾರೆ ಅಕ್ಕ. ಐದು. ನೆನಪಿರಲಿ."

"ಐದು," ಎಂದರು ಅವರು ಶಾಲೆಯ ಹುಡುಗಿಯ ಹಾಗೆ. "ನಿಮ್ಮ ಗಡಿಯಾರಕ್ಕ ಎಂಟು ಕೊಟ್ಟೆ ನೋಡ್ರಿ."

ಹಡಗಿನಲ್ಲಿ ದಿನವೂ ಬೆಳಗಿನ ಹೊತ್ತು ಬಾಗಿಲ ಕೆಳಗೆ ಅಂದಿನ ಕಾರ್ಯಕ್ರಮದ ಹಾಳೆ ತಳ್ಳಿರುತ್ತಿದ್ದರು. ಮೊದಲ ದಿನ ಬಂದ ಹಾಳೆಯಂತೆ ನಾನು ನಡೆದೆ. ಏಳಕ್ಕೆ ತಿಂಡಿ, ಒಂಬತ್ತಕ್ಕೆ ವ್ಯಾಯಾಮ, ಹನ್ನೊಂದಕ್ಕೆ ಉಪನ್ಯಾಸ. ಎಲ್ಲ ದಿನವೂ ಅದೇ ವೇಳೆ ಎಂದು ತಿಳಿದ ಮೇಲೆ ಹಾಳೆ ನೋಡುವುದನ್ನೂ ಬಿಟ್ಟೆ. ಆ ಹಾಳೆಗಳನ್ನು ಅಕ್ಕ ತೆಗೆದಿಟ್ಟುಕೊಂಡು ಹಿಂಬದಿಯಲ್ಲಿ ಏನೇನೋ ಚಿತ್ರ ಬಿಡಿಸುತ್ತಿದ್ದರು. ಮೂರನೆಯ ದಿನ ಡೆಕ್ಕಿನಲ್ಲಿ ಕೇಳಿದರು: "ಸಮುದ್ರ ನೋಡಿದ್ರೇನ್ರಿ ಸಿಸ್ಟರ್?"

"ನೋಡ್ದೆನಲ್ಲ."

"ಯಾವ ಬಣ್ಣ ಐತಿ?"

ತಿರುಗಿ ನೋಡದೆ ಹೇಳಲು ನನಗೆ ಆಗಲಿಲ್ಲ. ಅವರು ಮತ್ತೆ ಕೇಳಲಿಲ್ಲ.

ಭಾನುವಾರ ಹಡಗು ಸಿಸಿಲಿ ದ್ವೀಪದ ಪಲೆರ್ಮೊ ಬಂದರಿನಲ್ಲಿ ನಿಂತಿತು. ಸಂಜೆ ನಾಲ್ಕೂವರೆಗೆ ಎಲ್ಲರೂ ವಾಪಸು ಹತ್ತಬೇಕು, ಐದಕ್ಕೆ ಹಡಗು ಹೊರಡುತ್ತದೆ. ರೋಮಿಂಗಿನ ಗೊಡವೆ ಬೇಡವೆಂದು ನಾನು ಫೋನನ್ನು ಕ್ಯಾಬಿನ್ನಿನಲ್ಲೇ ಬಿಟ್ಟೆ. ಅಕ್ಕನೂ ಬಿಟ್ಟರು. ಆದರೆ ಅವರ ಹೆಗಲಲ್ಲಿ ದೊಡ್ಡ ಚೀಲವಿತ್ತು. ಒಂದು ಮಧ್ಯಾಹ್ನದ ಸುತ್ತಾಟಕ್ಕೆ ಇಷ್ಟು ಯಾಕೆ ಎಂದರೆ, "ಇರ್ಲಿ ಬಿಡ್ರಿ, ಹೆಗಲು ಗಟ್ಟಿ ಐತಿ," ಎಂದರು. ಅವರು ಹೀಗೆ ಬೇಕಿದ್ದು ಬೇಡದ್ದು ಎಲ್ಲವನ್ನೂ ಹೊತ್ತು ತಿರುಗುವವರೇ ಆದ್ದರಿಂದ ನಾನು ಬಿಟ್ಟುಬಿಟ್ಟೆ.

ಎಲ್ಲರೂ ಚರ್ಚು, ಅರಮನೆ ಎಂದು ಬಸ್ಸು ಹತ್ತಿದರು. ಅಕ್ಕ ನನ್ನನ್ನು ಕರೆದೊಯ್ದದ್ದು ಪೇಟೆಯ ಆಚೆಗಿದ್ದ ಒಂದು ಹಳೆಯ ಕಲ್ಲಿನ ಸೇತುವೆಗೆ. ಒಂಬತ್ತು ಶತಮಾನದ ಹಿಂದಿನದು. ಸಾಲು ಕಮಾನುಗಳು, ಚೂಪಾದ ಬೆನ್ನು. ಆದರೆ ಕೆಳಗೆ ಹೊಳೆಯಿಲ್ಲ. ಹೊಳೆಯನ್ನು ಯಾವುದೋ ಕಾಲದಲ್ಲಿ ಬೇರೆ ಕಡೆಗೆ ತಿರುಗಿಸಿದ್ದರು. ಹುಲ್ಲಿನ ಮೇಲೆ ಸೇತುವೆ ಸುಮ್ಮನೆ ನಿಂತಿತ್ತು, ಪಕ್ಕದಲ್ಲಿ ಟ್ರಾಮ್ ಓಡುತ್ತಿತ್ತು.

"ಹೊಳಿ ಹೋಗೇತಿ, ಈಕಿಗೆ ಯಾರೂ ಹೇಳಿಲ್ಲ," ಎಂದು ಅಕ್ಕ ಒಂದೊಂದೇ ಕಮಾನಿನ ಕೆಳಗೆ ಹೋಗಿ ತಟ್ಟಿದರು. ಗಂಟೆಗಟ್ಟಲೆ. ನಾನು ಕಲ್ಲಿನ ಮೇಲೆ ಕುಳಿತು ಗಡಿಯಾರ ನೋಡುತ್ತಿದ್ದೆ. ವಾಪಸು ಬರುವಾಗ ಒಂದು ಚರ್ಚಿನ ಗೋಪುರದ ಗಡಿಯಾರ ನನ್ನ ಲೆಕ್ಕಕ್ಕಿಂತ ಸರಿಯಾಗಿ ಒಂದು ಗಂಟೆ ಮುಂದಿತ್ತು. "ನೋಡಿ ಅಕ್ಕ, ಇವರ ದೇವರ ಮನೆ ಗಡಿಯಾರವೇ ಸರಿಯಿಲ್ಲ," ಎಂದೆ.

"ಹೌದೇನ್ರಿ?" ಎಂದರು ಅಕ್ಕ. ಅಷ್ಟೇ.

ನನ್ನ ಲೆಕ್ಕದಲ್ಲಿ ಸರಿಯಾಗಿ ನಾಲ್ಕಕ್ಕೆ ಬಂದರು ಮುಟ್ಟಿದೆವು. ಹಡಗು ದಡದಿಂದ ಒಂದು ಆಳುದ್ದದಷ್ಟು ನೀರು ಬಿಟ್ಟು ಜಾರುತ್ತಿತ್ತು. ಡೆಕ್ಕಿನಲ್ಲಿ ನಿಂತ ಜನ ಕೈಬೀಸಿದರು. ಯಾರಿಗೋ ಎಂದುಕೊಂಡು ನಾನೂ ಬೀಸಿದೆ. ಆಮೇಲೆ ಅರ್ಥವಾಯಿತು.

"ಹೋತ್ರಿ," ಎಂದರು ಅಕ್ಕ, ಹುಬ್ಬಳ್ಳಿ ಬಸ್ಸು ಹೋದ ಹಾಗೆ.

ಬಂದರಿನ ಏಜೆಂಟ್ ಮೃದು ಸ್ವಭಾವದ ಹೆಂಗಸು. ಇಂದು ಮಾರ್ಚಿನ ಕೊನೆಯ ಭಾನುವಾರ, ನಸುಕಿನಲ್ಲಿ ಯುರೋಪೆಲ್ಲ ಗಡಿಯಾರ ಒಂದು ಗಂಟೆ ಮುಂದೆ ಹೋಗಿದೆ, ಈಗ ಐದು ಎಂದು ತನ್ನ ಹರಕು ಇಂಗ್ಲಿಷಿನಲ್ಲಿ ತಿಳಿಸಿದಳು. ಇಂದಿನಿಂದ ಕೂಡಿಸಬೇಕಾದದ್ದು ಆರು. ನಾನು ಕೂಡಿಸಿದ್ದು ಐದು. ಜಂಬದಿಂದ ಪಾಠ ಮಾಡಿದವಳು ಪಾಠದ ಅರ್ಧವನ್ನಷ್ಟೇ ಓದಿಕೊಂಡಿದ್ದೆ. ಹಡಗು ಟ್ಯೂನಿಸ್, ಮಾಲ್ಟಾ ಮುಗಿಸಿ ಗುರುವಾರ ಬೆಳಿಗ್ಗೆ ಎಂಟಕ್ಕೆ ಇದೇ ದ್ವೀಪದ ಇನ್ನೊಂದು ತುದಿಯ ಮೆಸ್ಸಿನಾಕ್ಕೆ ಬರುತ್ತದೆ, ಅಲ್ಲಿ ಹತ್ತಿಕೊಳ್ಳಿ ಎಂದು ಹೇಳಿ, ಮನೆಯವರಿಗೆ ಸುದ್ದಿ ಮುಟ್ಟಿಸಲು ಆಕೆ ತನ್ನ ಫೋನು ಕೊಟ್ಟಳು. ಅಕ್ಕ ಪ್ರಿನ್ಸ್‌ಟನ್ನಿನಲ್ಲಿರುವ ಮಗಳಿಗೆ ಮಾಡಿದರು.

"ಹಡಗು ತಪ್ಪಿತು ಮಗಳ... ನನ್ನಿಂದನ. ನಾನ ತಪ್ಪಿಸೀನಿ. ಸಿಸ್ಟರ್ ಏನ್ ಮಾಡ್ತಾರ, ಪಾಪ."

ನಾನು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. ಕಣ್ಣಲ್ಲಿ ನಗುವಿತ್ತು. ನನ್ನ ಮಾನ ಉಳಿಸಿದರೆಂದು ತಿಳಿದು, ತೆರೆದ ಬಾಯನ್ನು ಮುಚ್ಚಿಕೊಂಡೆ. ಮುಚ್ಚಿದ ಬಾಯಿ ಮೂರು ವರ್ಷ ತೆರೆಯಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಒಂದು ಪುಟ್ಟ ಬಾಡಿಗೆ ಕಾರಿನ ಸ್ಟಿಯರಿಂಗ್ ಹಿಡಿದು ಕುಳಿತಿದ್ದರು. ಪರದೇಶದಲ್ಲಿ ಓಡಿಸಲು ಬೇಕಾದ ಇಂಟರ್‌ನ್ಯಾಷನಲ್ ಲೈಸೆನ್ಸ್ ಅವರ ಚೀಲದಿಂದಲೇ ಹೊರಬಂತು. ಹಾಗೆಯೇ ಎರಡು ಸ್ವೆಟರು, ನಮ್ಮಿಬ್ಬರಿಗೂ ಆರು ದಿನದ ಮಾತ್ರೆ, ಶೇಂಗಾ ಚಟ್ನಿಪುಡಿ ಮತ್ತು ಅಷ್ಟೆತ್ತರ ಒಣ ಜೋಳದ ರೊಟ್ಟಿ.

"ಇದೆಲ್ಲ ಯಾಕೆ ತಂದ್ರಿ ಅಕ್ಕ?"

"ಇರ್ಲಿ ಅಂತ."

"ಈಗ ಎಲ್ಲಿಗೆ? ಪ್ಲ್ಯಾನ್ ಏನು?"

"ಪ್ಲ್ಯಾನ್ ಇಲ್ರಿ. ರಸ್ತೆ ಹೋದಲ್ಲಿಗೆ."

ಪ್ಲ್ಯಾನಿಲ್ಲದ ಪ್ರಯಾಣ ನನ್ನ ಬದುಕಿನಲ್ಲಿ ಅದೇ ಮೊದಲು. ಗಾಬರಿಯಿಂದ ನಕ್ಷೆ ಬಿಡಿಸಿಕೊಂಡು ಕುಳಿತೆ. ಆದರೆ ಅವರು ಯಾವ ತಿರುವಿನಲ್ಲೂ ತಡವರಿಸಲಿಲ್ಲ. ಅದೃಷ್ಟವಂತರು ಎಂದುಕೊಂಡೆ.

ಮೊದಲು ಹೋದದ್ದು ಸೆಜೆಸ್ತಾ ಎಂಬಲ್ಲಿಗೆ. ಗುಡ್ಡದ ಮೇಲೆ ಒಂಟಿಯಾಗಿ ಒಂದು ಗ್ರೀಕ್ ದೇವಾಲಯ, ಎಲ್ಲ ಕಂಬಗಳೂ ನಿಂತಿವೆ, ಮಾಡು ಮಾತ್ರ ಇಲ್ಲ. ಬಿದ್ದುಹೋಗಿರಬೇಕು ಎಂದೆ. ಅಕ್ಕ ಬಗ್ಗಿ ಮೆಟ್ಟಿಲಿನ ಕಲ್ಲುಗಳಲ್ಲಿ ಚಾಚಿಕೊಂಡಿದ್ದ ಗುಬುಟುಗಳನ್ನು ತೋರಿಸಿದರು. ಕಲ್ಲು ಎತ್ತುವಾಗ ಹಗ್ಗ ಸಿಕ್ಕಿಸಲು ಬಿಟ್ಟವು. ಕೆಲಸ ಮುಗಿದ ಮೇಲೆ ಕೆತ್ತಿ ತೆಗೆಯಬೇಕು. ತೆಗೆದಿಲ್ಲ. "ಬಿದ್ದಿಲ್ರಿ. ಮುಗದ ಇಲ್ಲ. ನಡುವ ಬಿಟ್ಟು ಹೋಗ್ಯಾರ." ನೋಡಲು ಬಂದವರೆಲ್ಲ ಮೇಲೆ ನೋಡುತ್ತಿದ್ದರು. ಅಕ್ಕ ಎಲ್ಲಿ ಹೋದರೂ ಮೊದಲು ಕೆಳಗೆ ನೋಡುತ್ತಿದ್ದರು. ಮಳೆ ನೀರು ಯಾವ ಕಡೆ ಹರಿದು ಹೋಗುತ್ತಿತ್ತು ಎಂದು ಪತ್ತೆ ಹಚ್ಚಿದ ಮೇಲೆಯೇ ತಲೆ ಎತ್ತುವುದು. "ನೀರಿಗೆ ದಾರಿ ಮಾಡಿದವರು ದೇವ್ರಿಗೂ ಚಲೋ ಮಾಡಿರ್ತಾರ," ಎನ್ನುತ್ತಿದ್ದರು.

ಮಂಗಳವಾರ ಅವರು ಕಾರನ್ನು ಒಂದು ಆಲಿವ್ ತೋಪಿನ ಅಂಚಿನಲ್ಲಿ ನಿಲ್ಲಿಸಿದರು. ಹಿಂದಿನ ಕಾಲದ ಕಲ್ಲುಗಣಿ. ಹತ್ತಿರದ ಸೆಲಿನುಂತೆ ಎಂಬ ಪಟ್ಟಣದ ದೇವಾಲಯಗಳಿಗೆ ಇಲ್ಲಿಂದ ಕಂಬ ಹೋಗುತ್ತಿದ್ದವಂತೆ. ಒಂದು ದಿನ ಆ ಪಟ್ಟಣಕ್ಕೆ ಶತ್ರುಗಳು ಮುತ್ತಿಗೆ ಹಾಕಿದರು, ಕೆಲಸಗಾರರು ಉಳಿ ಬಿಟ್ಟು ಓಡಿದರು. ಅರ್ಧ ಕೆತ್ತಿದ ಕಂಬದ ತುಂಡುಗಳು ಬಂಡೆಯಲ್ಲೇ ಇವೆ, ಸುತ್ತ ಮನುಷ್ಯನೊಬ್ಬ ನಿಂತು ಕೆತ್ತುವಷ್ಟು ಜಾಗ ಬಿಟ್ಟುಕೊಂಡು. ಎರಡು ಸಾವಿರದ ನಾನೂರು ವರ್ಷದಿಂದ ನಾಳೆಯ ಪಾಳಿಗೆ ಕಾಯುತ್ತಿರುವ ಹಾಗೆ. ಅಲ್ಲಿ ನಾವಿಬ್ಬರೇ ಇದ್ದೆವು.

ಆ ಕಿರಿದಾದ ಜಾಗದಲ್ಲಿ ನಿಂತಾಗ ನನಗೆ ಏನಾಯಿತೋ. ನನ್ನ ಯಜಮಾನರು ಗ್ಯಾರೇಜಿನಲ್ಲಿ ಒಂದು ಪುಸ್ತಕದ ಕಪಾಟು ಮಾಡುತ್ತಿದ್ದರು. ಎರಡು ಹಲಗೆ ಕೂರಿಸಿ, ಮೂರನೆಯದನ್ನು ಅಳೆದು ಪೆನ್ಸಿಲ್ ಗೀರು ಹಾಕಿ, ಊಟಕ್ಕೆ ಒಳಗೆ ಬಂದವರು ಮತ್ತೆ ಹೋಗಲಿಲ್ಲ. ಆರು ತಿಂಗಳಿಂದ ನಾನು ಆ ಗ್ಯಾರೇಜಿನ ದೀಪ ಹಾಕಿರಲಿಲ್ಲ. ಅದನ್ನು ಅಕ್ಕನಿಗೆ ಹೇಳಿದೆ. ಹೇಳುತ್ತಾ ಕಲ್ಲಿಗೆ ಒರಗಿ ಅತ್ತೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ, ಗಡಿಯಾರ ನೋಡಲಿಲ್ಲ.

ಅಕ್ಕ ಸಮಾಧಾನ ಮಾಡಲಿಲ್ಲ. ಕಂಬದ ತುಂಡನ್ನು ಗೆಣ್ಣಿನಿಂದ ತಟ್ಟಿ, ತಲೆ ಓರೆ ಮಾಡಿದರು. "ಗಟ್ಟಿ ಐತ್ರಿ," ಎಂದರು. "ಕೆತ್ತೂವರು ಹೋದ್ರು, ಅಷ್ಟ. ಕಲ್ಲಿಗೆ ಏನೂ ಆಗಿಲ್ಲ." ಆಮೇಲೆ ಬಂಡೆಯ ಮೇಲೆ ರೊಟ್ಟಿ ಮುರಿದಿಟ್ಟರು. ಆ ದಿನ ಮಾತ್ರೆಯನ್ನು ನಾನು ನಲವತ್ತು ನಿಮಿಷ ತಡವಾಗಿ ನುಂಗಿದೆ. ಏನೂ ಆಗಲಿಲ್ಲ.

ಅಗ್ರಿಜೆಂತೊದಲ್ಲಿ ಸಾಲು ದೇವಾಲಯಗಳು. ಅಕ್ಕ ಹಗ್ಗದಾಚೆ ಕೈ ಚಾಚಿ ಕಂಬ ತಟ್ಟಿದ್ದೇ ತಡ, ಕಾವಲಿನ ಹೆಂಗಸು ಸೀಟಿ ಊದುತ್ತಾ ಬಂದಳು. ನಾನು ಕ್ಷಮೆ ಕೇಳಲು ಸಿದ್ಧಳಾದೆ. ಅಕ್ಕ ಪರ್ಸಿನಿಂದ ತಮ್ಮ ಹಳೆಯ ಇನ್‌ಸ್ಪೆಕ್ಟರ್ ಗುರುತಿನ ಚೀಟಿ ತೆಗೆದು ತೋರಿಸಿದರು. ಅವಧಿ ಮುಗಿದು ಐದು ವರ್ಷವಾಗಿತ್ತು. ಆಕೆ ಅದನ್ನು ಓದಿದಳು, ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಸೀಟಿಯನ್ನು ಜೇಬಿಗೆ ಹಾಕಿದಳು. ಹದಿನೈದು ನಿಮಿಷದ ನಂತರ ಇಬ್ಬರೂ ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು, ಒಬ್ಬರು ಇಟಾಲಿಯನ್ನಿನಲ್ಲಿ, ಒಬ್ಬರು ಧಾರವಾಡದ ಕನ್ನಡದಲ್ಲಿ, ಹಳೆಯ ಚರಂಡಿಯೊಂದರ ಬಗ್ಗೆ ವಾದ ಮಾಡುತ್ತಿದ್ದರು. "ಏನಂದ್ಲು?" ಎಂದು ಆಮೇಲೆ ಕೇಳಿದೆ.

"ಗೊತ್ತಿಲ್ರಿ. ಆದ್ರ ಆಕಿ ಹೇಳೂದು ಖರೆ ಐತಿ."

ಬುಧವಾರ ಸಿರಾಕ್ಯೂಸಾದ ದೊಡ್ಡ ಚರ್ಚಿಗೆ ಹೋದೆವು. ಅದು ಹಿಂದೆ ಗ್ರೀಕರ ದೇವಾಲಯ. ಕಂಬಗಳನ್ನು ಕೀಳದೆ, ನಡುನಡುವೆ ಗೋಡೆ ಕಟ್ಟಿ ಚರ್ಚು ಮಾಡಿದ್ದಾರೆ. ಗೋಡೆಯೊಳಗಿಂದ ಕಂಬಗಳು ಅರ್ಧರ್ಧ ಉಬ್ಬಿ ಕಾಣುತ್ತವೆ. ನಾನು ಮೊಣಕಾಲೂರಿ ಯಜಮಾನರಿಗಾಗಿ ಪ್ರಾರ್ಥಿಸಿದೆ. ಪಕ್ಕದಲ್ಲಿ ಟಕ್ ಟಕ್ ಸದ್ದು ಕೇಳುತ್ತಲೇ ಇತ್ತು. "ನೋಡ್ರಿ," ಎಂದು ಅಕ್ಕ ಪಿಸುಗುಟ್ಟಿದರು, "ಒಂದು ದಿನಾನೂ ಮುಚ್ಚಿಲ್ಲ ಇದನ್ನ." ಸಂಜೆ ಸಮುದ್ರದ ಕಟ್ಟೆಯ ಮೇಲೆ ಕುಳಿತಿದ್ದಾಗ ನಾನಾಗಿಯೇ ಹೇಳಿದೆ: "ದಡದಲ್ಲಿ ಹಸಿರು, ಆಚೆಗೆ ಕಡುನೀಲಿ." ಅಕ್ಕ ತಲೆಯಾಡಿಸಿದರು.

ಗುರುವಾರ ಬೆಳಿಗ್ಗೆ ಏಳೂವರೆಗೆ ನಾವು ಮೆಸ್ಸಿನಾದ ಬಂದರಿನಲ್ಲಿದ್ದೆವು. ಹಡಗೇ ಹತ್ತು ನಿಮಿಷ ತಡವಾಗಿ ಬಂತು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನ್ಯೂಯಾರ್ಕಿಗೆ ಮರಳಿದ ಮೇಲೆ ಅಕ್ಕ ಎಲ್ಲ ಕೂಟಗಳಲ್ಲೂ ನಗುತ್ತಾ ಹೇಳಿದರು: "ಹಡಗು ನಾನ ತಪ್ಪಿಸಿದ್ದು." ಎಲ್ಲರೂ ಸುಲಭವಾಗಿ ನಂಬಿದರು. ಕೆಸರು ಬೂಟಿನ ಅಕ್ಕ ತಪ್ಪಿಸದೆ ಈ ಸಿಸ್ಟರ್ ತಪ್ಪಿಸುತ್ತಾಳೆಯೆ? ಅವರ ಮಗಳು ಮಾತ್ರ ನಗಲಿಲ್ಲ. ಎಪ್ಪತ್ತು ದಾಟಿದ ತಾಯಿ ಹೊತ್ತಿನ ಪರಿವೆ ಕಳೆದುಕೊಂಡಿದ್ದಾಳೆ ಎಂದು ಹೆದರಿ, ಮರೆವಿನ ಡಾಕ್ಟರರ ಬಳಿ ಕರೆದೊಯ್ದಳು. ಅಲ್ಲಿ ಗಡಿಯಾರದ ಚಿತ್ರ ಬರೆಯಿಸುತ್ತಾರೆ. ನರ್ಸಾದ ನನಗೆ ಆ ಪರೀಕ್ಷೆ ಗೊತ್ತು.

"ಹನ್ನೊಂದು ಗಂಟೆ ಹತ್ತು ನಿಮಿಷ ಬರೀರಿ ಅಂದ್ರು," ಎಂದು ಅಕ್ಕ ಫೋನಿನಲ್ಲಿ ಹೇಳಿದರು. "ಬರದೆ. ಐದು ಕೂಡಿಸ್ಲೋ ಆರು ಕೂಡಿಸ್ಲೋ ಅಂತ ಕೇಳಿದೆ. ಡಾಕ್ಟರ ಮಾರಿ ನೋಡಬೇಕಿತ್ರಿ ನೀವು."

ಆ ತಮಾಷೆಯ ಫಲವಾಗಿ ಇನ್ನೂ ಎರಡು ಪರೀಕ್ಷೆಗಳಾದವು. ಮರೆವು ಸಿಗಲಿಲ್ಲ. ಆದರೆ ಮಗಳ ಭಯ ಹೋಗಲಿಲ್ಲ. ಆ ಬೇಸಿಗೆಯಲ್ಲೇ ಅಕ್ಕ ಹಿಕ್ಸ್‌ವಿಲ್ ಮನೆ ಬಿಟ್ಟು ಪ್ರಿನ್ಸ್‌ಟನ್ನಿಗೆ, ಮಗಳ ಮನೆಯ ಕೆಳಗಿನ ಕೋಣೆಗೆ ಹೋಗಬೇಕಾಯಿತು. ಕಾರಿನ ಕೀಲಿ ಮಗಳ ಕೈಗೆ ಹೋಯಿತು. ನಮ್ಮ ಬೆಳಗಿನ ನಡಿಗೆ ನಿಂತಿತು. ನೋಡಬೇಕೆಂದರೆ ನಾನು ಎರಡು ರೈಲು ಹಿಡಿದು ಹೋಗಬೇಕು. ತಿಂಗಳಿಗೊಮ್ಮೆ ಹೋಗುತ್ತಿದ್ದೆ. "ಅಕ್ಕ, ತಪ್ಪು ನನ್ನದು ಅಂತ ಅವಳಿಗೆ ಹೇಳಿಬಿಡ್ತೀನಿ," ಎಂದು ಪ್ರತಿಸಲ ಎನ್ನುತ್ತಿದ್ದೆ.

"ಏನಂತ ಹೇಳ್ತೀರಿ? ನಾನ ತಪ್ಪಿಸಿದ್ದು ಅಂತ ನಾನು ಹೇಳೀನಲ್ಲ. ಮತ್ತ ಯಾಕ?"

ಪ್ರತಿಸಲ ನನಗೆ ಒಳಗೊಳಗೇ ಹಗುರವಾಗುತ್ತಿತ್ತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಮಗಳ ಮನೆಯಲ್ಲಿ ಅಕ್ಕ ದೂರಿದ್ದನ್ನು ನಾನು ಕೇಳಲಿಲ್ಲ. ನೆಲಮಾಳಿಗೆಯ ಗೋಡೆ ತಟ್ಟಿ, ಎಲ್ಲಿ ನೀರು ಬರುತ್ತಿದೆ ಎಂದು ಕಂಡುಹಿಡಿದು, ಅಳಿಯನ ಕೈಯಲ್ಲಿ ರಿಪೇರಿ ಮಾಡಿಸಿದರು. ಮೊಮ್ಮಗಳಿಗೆ ಅಂಕ ಕೊಡುವುದು ಕಲಿಸಿದರು. ಒಂದು ಚಳಿಯ ಬೆಳಿಗ್ಗೆ, ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ, ಕುರ್ಚಿಯಲ್ಲೇ ಹೋಗಿಬಿಟ್ಟರು.

ಹದಿಮೂರನೆಯ ದಿನದ ಊಟ ಮುಗಿದು ಬಂದವರೆಲ್ಲ ಹೋದ ಮೇಲೆ, ಮಗಳ ಎದುರು ಕುಳಿತು ಹೇಳಿದೆ. ಗಡಿಯಾರ, ಐದು, ಆರು, ಚರ್ಚಿನ ಗೋಪುರ, ಎಲ್ಲ. "ನಿಮ್ಮಮ್ಮ ಹೊತ್ತು ಮರೆತಿರಲಿಲ್ಲಮ್ಮ. ನಾನು ತಪ್ಪು ಲೆಕ್ಕ ಹಾಕಿದ್ದು. ನನ್ನ ಮರ್ಯಾದೆ ಉಳಿಸೋಕೆ ಅವರು ತಲೆ ಮೇಲೆ ಹಾಕ್ಕೊಂಡರು. ನೀನು ಅವರನ್ನ ಇಲ್ಲಿಗೆ ಕರ್ಕೊಂಡು ಬಂದಾಗಲೂ ನಾನು ಸುಮ್ಮನಿದ್ದೆ."

ಸಿಟ್ಟಾಗಲಿ ಎಂದು ಕಾಯುತ್ತಿದ್ದೆ. ಅವಳು ಎದ್ದು ಕೆಳಗಿನ ಕೋಣೆಗೆ ಹೋಗಿ, ಹಳದಿ ಹೆಲ್ಮೆಟ್ಟನ್ನು ಹೊತ್ತು ತಂದಳು. ಒಳಗೆ ಸುತ್ತಿಗೆ ಮತ್ತು ಒಂದು ಕಿತ್ತಳೆ ಬಣ್ಣದ ಫೀಲ್ಡ್ ಬುಕ್. ಅಕ್ಕ ಸೇತುವೆಯ ಕೆಲಸಕ್ಕೆ ಬಳಸುತ್ತಿದ್ದ ಜಾತಿಯದು.

"ಆಂಟಿ, ಇದು ಸಿಸಿಲಿದು. ಅಮ್ಮ ಕನ್ನಡದಲ್ಲಿ ಬರ್ದಿದಾರೆ, ಐ ಕಾಂಟ್ ರೀಡ್ ಇಟ್. ನೀವು ಓದಿ ಹೇಳ್ತೀರಾ ಅಂತ ಇಟ್ಟಿದ್ದೆ. ಬಟ್ ಫಸ್ಟ್ ಪೇಜ್ ಇಂಗ್ಲಿಷಲ್ಲಿದೆ. ಲುಕ್."

ಮೊದಲ ಪುಟಕ್ಕೆ ಹಡಗಿನ ಹಾಳೆ ಅಂಟಿಸಿತ್ತು. ಪಲೆರ್ಮೊದ ಭಾನುವಾರದ್ದು. ಮೇಲ್ಗಡೆ ದಪ್ಪ ಅಕ್ಷರದಲ್ಲಿ, ಇಂದಿನಿಂದ ಗಡಿಯಾರ ಒಂದು ಗಂಟೆ ಮುಂದೆ, ದಯವಿಟ್ಟು ಬದಲಾಯಿಸಿಕೊಳ್ಳಿ ಎಂಬ ಸೂಚನೆ. ಅದರ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಎರಡು ಗೆರೆ. ಪಕ್ಕದಲ್ಲಿ ಅಕ್ಕನ ದುಂಡನೆಯ ಕನ್ನಡ ಅಕ್ಷರ: "ಬೆಳಿಗ್ಗೆ ಆರೂವರೆಗೆ ಓದಿದೆ. ಸಿಸ್ಟರಿಗೆ ಹೇಳುವುದಿಲ್ಲ."

ಪುಟ ತಿರುಗಿಸಿದೆ. ದ್ವೀಪದ ನಕ್ಷೆ, ಕೈಯಲ್ಲಿ ಬರೆದದ್ದು. ಸೋಮವಾರ ಸೆಜೆಸ್ತಾ, ಮಂಗಳವಾರ ಕಲ್ಲುಗಣಿ, ಅಲ್ಲಿಂದ ಅಗ್ರಿಜೆಂತೊ, ಬುಧವಾರ ಸಿರಾಕ್ಯೂಸಾ, ಗುರುವಾರ ಮೆಸ್ಸಿನಾ, ಎಂಟರೊಳಗೆ. ಊರಿನಿಂದ ಊರಿಗೆ ಎಷ್ಟು ಮೈಲಿ, ಯಾವ ತಿರುವು, ಎಲ್ಲವೂ ಇತ್ತು. ಮೂಲೆಯಲ್ಲಿ ತಾರೀಖು. ನಾವು ನೆವಾರ್ಕಿನಿಂದ ವಿಮಾನ ಹತ್ತಿದ್ದಕ್ಕೆ ಎರಡು ವಾರ ಮೊದಲಿನದು.

"ವಾಟ್ ಡಸ್ ಇಟ್ ಸೇ?" ಎಂದಳು ಮಗಳು.

ಓದಿ ಹೇಳಿದೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮೊದಲು ಅತ್ತಳೋ ನಕ್ಕಳೋ ಹೇಳಲಾರೆ. "ಶಿ ಟೋಲ್ಡ್ ಮಿ," ಎಂದಳು. "ನಾನೇ ತಪ್ಪಿಸಿದ್ದು ಅಂತ. ಫಸ್ಟ್ ಡೇನೇ ಹೇಳಿದ್ರು ಆಂಟಿ. ನಾನು ನಂಬ್ಲಿಲ್ಲ."

ನಾನೂ ನಂಬಿರಲಿಲ್ಲ. ಮೂರು ವರ್ಷ ಅವರು ಸತ್ಯವನ್ನೇ ಹೇಳಿದ್ದರು. ಬೇಕೆಂದೇ ತಪ್ಪಿಸಿದೆ ಎಂದು ಒಂದು ಪದ ಸೇರಿಸಿದ್ದರೆ ಕಾರಿನ ಕೀಲಿ ಅವರ ಬಳಿಯೇ ಉಳಿಯುತ್ತಿತ್ತು. ಯಾರಿಗಾಗಿ ತಪ್ಪಿಸಿದಿರಿ ಎಂಬ ಪ್ರಶ್ನೆಯೂ ಅದರ ಹಿಂದೆಯೇ ಬರುತ್ತಿತ್ತು.

ಉಳಿದ ಪುಟಗಳಲ್ಲಿ ಕಮಾನು, ಕಂಬ, ಚರಂಡಿಗಳ ಚಿತ್ರ, ಎಲ್ಲಕ್ಕೂ ಅಂಕ. ಹೊಳೆಯಿಲ್ಲದ ಸೇತುವೆಗೆ ಎಂಟು. ಕೊನೆಯ ಪುಟದಲ್ಲಿ ಒಂದು ಫಾರಂ, ಸ್ಕೇಲಿನಿಂದ ಗೆರೆ ಎಳೆದು ಮಾಡಿದ್ದು. ಮೇಲೆ "ಸಿಸ್ಟರ್" ಎಂದು ಬರೆದಿತ್ತು. ಹಡಗಿನ ಮೊದಲ ಮೂರು ದಿನ: ನಾಲ್ಕು, ನಾಲ್ಕು, ನಾಲ್ಕು. ಭಾನುವಾರ: ಮೂರು. ಸೋಮವಾರ: ಐದು. ಮಂಗಳವಾರದ ಎದುರು ಅಂಕವಿಲ್ಲ, "ತಟ್ಟಿದೆ. ಒಳಗೆ ಗಟ್ಟಿ" ಎಂದಿದೆ. ಬುಧವಾರ: ಆರು. ಗುರುವಾರ: ಏಳು.

ಅದರ ಕೆಳಗೆ ಆ ಕೊನೆಯ ಪ್ರಶ್ನೆ. ಸಂಚಾರಕ್ಕೆ ಮುಚ್ಚಬೇಕೆ?

"ಬೇಡ. ಸಣ್ಣ ದುರಸ್ತಿ ಇತ್ತು, ಮಾಡಿದೆ."

ಮನೆಗೆ ಮರಳಿ ಗ್ಯಾರೇಜಿನ ದೀಪ ಹಾಕಿದೆ. ಮೂರನೆಯ ಹಲಗೆಯ ಮೇಲೆ ಯಜಮಾನರ ಪೆನ್ಸಿಲ್ ಗೀರು ಹಾಗೇ ಇತ್ತು. ಬೆರಳ ಗೆಣ್ಣಿನಿಂದ ತಟ್ಟಿ, ತಲೆ ಓರೆ ಮಾಡಿ ಕೇಳಿದೆ.